ಅಟ್ಟ ಸೇರಿದ ಎಸ್ಪ್ರೆಸ್ಸೊ ಮೆಷಿನ್ನನ್ನು ಕೆಳಗಿಳಿಸುವ ಬಗ್ಗೆ

ಇಂದ,
ಗುರುರಾಜ್,
ಕ್ವಾಲಿಟಿ ಇನ್‌ಸ್ಪೆಕ್ಟರ್, ಪೀಣ್ಯದ ಒಂದು ಟೂಲ್ ರೂಮ್ (ಎರಡನೇ ಪಾಳಿ),
ವಾಸ: ತಮ್ಮ ಜೊತೆಯಲ್ಲೇ, ಮೂರನೇ ಮಹಡಿ, ಮಾದನಾಯಕನಹಳ್ಳಿ.

ಗೆ,
ಶ್ರೀಮತಿ ಶಿವಾನಿಯವರು,
ಕಚೇರಿಯಲ್ಲಿ ಎಚ್.ಆರ್. ಮ್ಯಾನೇಜರ್, ಮನೆಯಲ್ಲೂ ಅದೇ.

ವಿಷಯ: ಕಾಫಿ ಮೆಷಿನ್ ಮರುಸ್ಥಾಪನೆ ಹಾಗೂ ತಮ್ಮ ತಾಯಿಯವರ ಕುರಿತು ತಮಗೆ ತಿಳಿಸದೇ ಇದ್ದ ಒಂದು ಸಂಗತಿ.

ಉಲ್ಲೇಖ: ಕಳೆದ ಭಾನುವಾರದ ತಮ್ಮ ಮೌಖಿಕ ಆದೇಶ: "ಆ ಮೆಷಿನ್ ಮೊದ್ಲು ಅಟ್ಟಕ್ಕೆ ಹಾಕಿ. ಬಾಯಲ್ಲಿ ಏನೂ ಹೇಳ್ಬೇಡಿ, ಹೇಳೋದಿದ್ರೆ ಬರೆದು ಕೊಡಿ."

ಮಾನ್ಯರೇ,

ತಮ್ಮ ಪತಿಯೂ ಆಗಿರುವ ಅರ್ಜಿದಾರನಿಗೆ ಬಾಯಲ್ಲಿ ಹೇಳಲಾಗದ್ದೇ ಹೆಚ್ಚು ಇರುವ ಕಾರಣ, ಬರೆದು ಕೊಡಿ ಎಂಬ ಆದೇಶ ಅವನಿಗೆ ಅನುಕೂಲವೇ ಆಗಿದೆ. ಸಂಗತಿಗಳು ಹೀಗಿವೆ:

1. ವೈಟ್‌ಫೀಲ್ಡಿನಲ್ಲಿ ಮುಚ್ಚಿದ ಕಚೇರಿಯೊಂದರ ಮೆಷಿನ್ನನ್ನು ಅರ್ಜಿದಾರ ಜುಲೈ ತಿಂಗಳಲ್ಲಿ ಮನೆಗೆ ತಂದ. ಹದಿನೆಂಟು ಗ್ರಾಂ ಪುಡಿ, ಇಪ್ಪತ್ತೆಂಟು ಸೆಕೆಂಡು, ಮೂವತ್ತಾರು ಗ್ರಾಂ ಕಾಫಿ, ಮೇಲೆ ಹೊಂಬಣ್ಣದ ನೊರೆ. ಇಷ್ಟೇ ಲೆಕ್ಕ ಎಂದು ಅವನು ತಿಳಿದಿದ್ದ. ಪುಡಿ ಒಂದು ಕೂದಲಷ್ಟು ನುಣ್ಣಗಾದರೆ ಕಾಫಿ ತೊಟ್ಟಿಕ್ಕಿ ಕಹಿಯಾಗುತ್ತಿತ್ತು. ತರಿಯಾದರೆ ನಲ್ಲಿಯಂತೆ ಸುರಿದು ಹುಳಿಯಾಗುತ್ತಿತ್ತು. ಕೆಲಸದಲ್ಲಿ ಮೈಕ್ರಾನ್ ಲೆಕ್ಕದಲ್ಲಿ ಉಕ್ಕು ಅಳೆಯುವವನಿಗೆ ಒಂದು ಲೋಟ ಕಾಫಿ ಬಗ್ಗಲಿಲ್ಲ. ತಾವು ಮೊದಲ ಲೋಟದಲ್ಲಿ ಒಂದು ಗುಟುಕು ಕುಡಿದು, ಉಳಿದದ್ದನ್ನು ಸಿಂಕಿಗೆ ಸುರಿದು ಆಫೀಸಿಗೆ ಹೊರಟದ್ದು ಅವನಿಗೆ ಈಗಲೂ ನೆನಪಿದೆ.

2. ಆದ್ದರಿಂದ ರುಚಿ ನೋಡುವ ಕೆಲಸ, ನಾಲ್ಕು ವರ್ಷದಿಂದ ನಮ್ಮೊಂದಿಗಿದ್ದು ಅಡುಗೆಮನೆ ನಡೆಸುತ್ತಿರುವ ತಮ್ಮ ತಾಯಿ ಬಸಮ್ಮನವರ ಪಾಲಿಗೆ ಬಂತು. ರಾಣೆಬೆನ್ನೂರಿನಲ್ಲಿ ಅರವತ್ತು ವರ್ಷ ಚಹಾ ಕುಡಿದವರು ಮೊದಲ ದಿನವೇ, "ಭಾಳ ಚಲೋ ಆಗೇತ್ರಿ ಅಳಿಯಾರ" ಎಂದರು. ಎರಡನೇ ದಿನವೂ ಅಷ್ಟೇ. ಹದಿನೈದು ದಿನ ಅದೇ ಮಾತು. ಅರ್ಜಿದಾರ ಕ್ಯಾಂಟೀನಿನಲ್ಲಿ ಸಹೋದ್ಯೋಗಿಗಳಿಗೆ ಎಸ್ಪ್ರೆಸ್ಸೊ ಬಗ್ಗೆ ಉಪನ್ಯಾಸ ಕೊಡಲು ಶುರುಮಾಡಿದ. ಆ ಸಹೋದ್ಯೋಗಿಗಳ ಕ್ಷಮೆಯನ್ನು ಪ್ರತ್ಯೇಕವಾಗಿ ಕೇಳಲಾಗುವುದು.

3. ಆಗಸ್ಟ್ ತಿಂಗಳ ಒಂದು ಬೆಳಿಗ್ಗೆ, ತಾವು ಆಫೀಸಿನಲ್ಲಿದ್ದಾಗ, ಅರ್ಜಿದಾರ ಹಾಲು ತರಲು ಕೆಳಗೆ ಹೋಗಿ ಹತ್ತು ನಿಮಿಷ ಬಿಟ್ಟು ಬಂದ. ಬಾಗಿಲು ತೆಗೆಯುತ್ತಲೇ ಗ್ಯಾಸ್ ವಾಸನೆ ಮುಖಕ್ಕೆ ಹೊಡೆಯಿತು. ಒಲೆಯ ಉರಿ ಗಾಳಿಗೆ ಆರಿಹೋಗಿತ್ತು. ಅತ್ತೆ ಅದರ ಪಕ್ಕದಲ್ಲೇ ಕೂತು ಆರಾಮಾಗಿ ಹುರುಳಿಕಾಯಿ ಮುರಿಯುತ್ತಿದ್ದರು. ಅರ್ಜಿದಾರ ಸಿಲಿಂಡರ್ ಬಂದ್ ಮಾಡಿ, ಕಿಟಕಿಗಳನ್ನೆಲ್ಲ ತೆಗೆದು, ಅವರನ್ನು ಕೈಹಿಡಿದು ಮೆಟ್ಟಿಲಿಗೆ ಕರೆತಂದ.

"ಯಾಕ್ರಿ, ಏನಾತು?" ಎಂದು ಅವರು ಕೇಳಿದರು.

"ಗ್ಯಾಸ್ ಸೋರ್ತಿತ್ತು ಅತ್ತೆ. ನಿಮಗೆ ಗೊತ್ತಾಗ್ಲಿಲ್ವಾ?"

ಅವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. ಆಮೇಲೆ ಹೇಳಿದರು: "ನನಗ ವಾಸನೀನ ಬರಂಗಿಲ್ರಿ. ಜೂನ್‌ನಾಗ ಜ್ವರ ಬಂದು ಹೋತಲ್ಲ, ಅವತ್ತಿನಿಂದ. ಏನ್ ತಿಂದ್ರೂ ಒಂದ ನಮೂನಿ. ನಿಮ್ಮ ಕಾಫಿನೂ ಅಷ್ಟ, ಬಿಸಿ ಇರತೈತಿ ಅಂತ ಕುಡೀತೀನಿ."

ಅರ್ಜಿದಾರನ ಹದಿನೈದು ದಿನದ ಕೀರ್ತಿ ಆ ಮೆಟ್ಟಿಲ ಮೇಲೆ ಮುಗಿಯಿತು. ಆದರೆ ಅದು ಅವನ ಮನಸ್ಸಿಗೆ ಬಂದದ್ದು ಎರಡು ದಿನ ಕಳೆದ ಮೇಲೆ.

4. ಸೀದ ಒಗ್ಗರಣೆ, ಹಳಸಿದ ಪಲ್ಯ ಇವುಗಳ ಬಗ್ಗೆ ತಾವು ಜುಲೈನಲ್ಲಿ, "ಅವ್ವ, ನಿನ್ನ ಕೈಲಿ ಇನ್ನು ಆಗಲ್ಲ, ಅಡುಗೆಗೆ ಯಾರನ್ನಾದ್ರೂ ಇಡ್ತೀನಿ" ಎಂದಿದ್ದಿರಿ. ತಾವು ಅದನ್ನು ಅವರಿಗೆ ವಿಶ್ರಾಂತಿ ಸಿಗಲಿ ಎಂದೇ ಹೇಳಿದ್ದಿರಿ, ಅದು ಅರ್ಜಿದಾರನಿಗೆ ಗೊತ್ತು. ಅವರು ಕೇಳಿಸಿಕೊಂಡದ್ದು ಬೇರೆ. ಮೆಟ್ಟಿಲ ಮೇಲೆ ಅವರಾಡಿದ ಮಾತು ಇದು: "ನನ್ ಮಗಳಿಗೆ ಹೇಳಬ್ಯಾಡ್ರಿ. ಒಲಿ ಮುಂದಿಂದ ಎಬ್ಬಿಸಿದ್ಲಂದ್ರ ನಾ ಈ ಮನ್ಯಾಗ ಯಾಕ ಇರಬೇಕು?"

ಅರ್ಜಿದಾರ ಮಾತು ಕೊಟ್ಟ. ಕೊಡಬಾರದಿತ್ತು. ಕಾರಣ, ವಿಷಯ ಗ್ಯಾಸಿನದು. ಅರ್ಜಿದಾರ ಮರುದಿನ ಅಡುಗೆಮನೆ ಗೋಡೆಗೆ ಹಾಕಿಸಿದ ಬಿಳಿ ಡಬ್ಬಿ ಕಾಫಿ ಮೆಷಿನ್ನಿನ ಭಾಗ ಎಂದು ತಮಗೆ ಹೇಳಿದ್ದು ಸುಳ್ಳು. ಅದು ಗ್ಯಾಸ್ ಅಲಾರಂ.

5. ಕಿವಿ-ಮೂಗಿನ ಡಾಕ್ಟರ್ ಬಳಿ ಅರ್ಜಿದಾರ, ಅತ್ತೆ ಇಬ್ಬರೂ ಹೋಗಿಬಂದರು. ದಿನಕ್ಕೆರಡು ಸಲ ಲವಂಗ, ನಿಂಬೆಸಿಪ್ಪೆ, ಕಾಫಿ ಪುಡಿ ಹೀಗೆ ಒಂದೊಂದನ್ನೇ ಮೂಗಿನ ಹತ್ತಿರ ಹಿಡಿದು, ಅದರ ವಾಸನೆಯನ್ನು ನೆನಪು ಮಾಡಿಕೊಳ್ಳಬೇಕು. ಬಂದರೂ ಬರಬಹುದು, ತಿಂಗಳುಗಟ್ಟಲೆ ಹಿಡಿಯಬಹುದು ಎಂದು ಡಾಕ್ಟರ್ ಹೇಳಿದರು. ಅಂದಿನಿಂದ ಅರ್ಜಿದಾರ ಬೀಜ ಅರೆಯುವುದು, ಅತ್ತೆ ಕಣ್ಣು ಮುಚ್ಚಿ ಮೂಸುವುದು.

"ಏನಾದ್ರೂ ಬಂತಾ?"

"ಇಲ್ರಿ."

ಏಳು ವಾರ ಅದೇ ಪ್ರಶ್ನೆ, ಅದೇ ಉತ್ತರ.

6. ಭಾನುವಾರ ತಾವು ಬೇಗ ಎದ್ದು ಬಂದಾಗ ನೋಡಿದ್ದು ಇದನ್ನೇ. "ನಮ್ಮವ್ವನಿಗೆ ಕಾಫಿ ಪುಡಿ ಮೂಸೋ ಚಟ ಹಿಡಿಸಿದ್ದೀರಲ್ರೀ" ಎಂದಿರಿ. ಅತ್ತೆ ಅರ್ಜಿದಾರನ ಮುಖ ನೋಡಿದರು. ಅರ್ಜಿದಾರ ನೆಲ ನೋಡಿದ. ಮೆಷಿನ್ ಅಟ್ಟ ಸೇರಿತು.

7. ಬುಧವಾರ ತಾವು ಹೊರಟ ಮೇಲೆ ಅತ್ತೆಯೇ, "ಅದನ್ನ ಇಳಸ್ರಿ" ಎಂದರು. ಅರ್ಜಿದಾರ ಇಳಿಸಿದ; ಆದೇಶ ಉಲ್ಲಂಘನೆಯನ್ನು ಈ ಮೂಲಕ ಒಪ್ಪಿಕೊಂಡಿದ್ದಾನೆ. ಏರಿಸಿ ಇಳಿಸುವಾಗ ಅದರಲ್ಲೇ ಇರುವ ಬೀಜ ಅರೆಯುವ ಭಾಗದ ತಿರುಪು ತಪ್ಪಿ ಪುಡಿ ತೀರ ನುಣ್ಣಗಾಯಿತು. ಒಂದು ನಿಮಿಷ ಕಳೆದರೂ ಕಾಫಿ ಕರಿ ಎಣ್ಣೆಯಂತೆ ತೊಟ್ಟಿಕ್ಕುತ್ತಲೇ ಇತ್ತು. ಚೆಲ್ಲಲು ಹೋದವನ ಕೈಯಿಂದ ಅತ್ತೆ ಲೋಟ ತೆಗೆದುಕೊಂಡು ಮೂಗಿನ ಹತ್ತಿರ ಹಿಡಿದರು. ಮುಖ ಕಿವುಚಿದರು. ಇನ್ನೊಮ್ಮೆ ಹಿಡಿದರು.

"ಅಳಿಯಾರ, ಇದು ಸೀದೈತಿ."

"ಏನಂದ್ರಿ?"

"ಸೀದ ವಾಸನಿ ಬರಾಕತ್ತೈತಿ." ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟರು. "ಎಪ್ಪಾ, ಏನ್ ಕಹಿ ಅದು. ಇಷ್ಟು ದಿನ ನನಗ ಇದನ್ನ ಕುಡಿಸಿದ್ರೇನ್ರಿ?"

ಅಷ್ಟು ಹೇಳಿ ಅವರು ಅಳತೊಡಗಿದರು. ಅರ್ಜಿದಾರ ತಿರುಪು ಸರಿಮಾಡುವ ನೆಪದಲ್ಲಿ ಗೋಡೆಯ ಕಡೆ ತಿರುಗಿ ನಿಂತ. ಆ ದಿನ ಅವರು ಇಡೀ ಮನೆ ಮೂಸಿದರು. ಲವಂಗದ ವಾಸನೆ ಬರಲಿಲ್ಲ, ತಮ್ಮ ಸೀರೆಯ ಬೀರುವಿನದೂ ಬರಲಿಲ್ಲ. "ನಿಂಬಿ ಒಂಚೂರು ಬಂದಂಗಾತು" ಎಂದರು. ಮೆಷಿನ್ನನ್ನು ಮತ್ತೆ ಅಟ್ಟಕ್ಕೇರಿಸಿ ಮಧ್ಯಾಹ್ನ ಪಾಳಿಗೆ ಹೊರಟವನನ್ನು ಬಾಗಿಲಲ್ಲಿ ತಡೆದು, "ಈಗ ಹೇಳ್ರಿ ಆಕಿಗೆ. ನನ್ ಬಾಯಾಗ ಬರಂಗಿಲ್ಲ, ನೀವ ಬರದು ಕೊಡ್ರಿ" ಎಂದರು.

ಆದಕಾರಣ ತಮ್ಮಲ್ಲಿ ಕೋರುವುದೇನೆಂದರೆ: ಮೆಷಿನ್ ತನ್ನ ಜಾಗಕ್ಕೆ ಬರಲಿ. ಅಡುಗೆ ಅವರದ್ದೇ ಇರಲಿ. ಒಲೆ ಹಚ್ಚಿದಾಗ ನಮ್ಮಿಬ್ಬರಲ್ಲಿ ಒಬ್ಬರು ಜೊತೆಗಿರೋಣ. ಮುಂದಿನ ಸೋಮವಾರದಿಂದ ಅರ್ಜಿದಾರನಿಗೆ ಮೊದಲ ಪಾಳಿ, ಆರಕ್ಕೆ ಮನೆ ಬಿಡಬೇಕು. ಆದ್ದರಿಂದ ಬೆಳಿಗ್ಗೆ ಬೀಜ ಅರೆದು ಅವರ ಮೂಗಿನ ಹತ್ತಿರ ಹಿಡಿಯುವ ಕೆಲಸವನ್ನು ತಾವು ವಹಿಸಿಕೊಳ್ಳಬೇಕು. ಹತ್ತು ನಿಮಿಷದ ಕೆಲಸ. ಅವರು "ಇಲ್ಲ" ಎಂದ ದಿನ ಏನೂ ಹೇಳಬೇಕಾಗಿಲ್ಲ, ಸುಮ್ಮನೆ ಪಕ್ಕದಲ್ಲಿ ಕೂತರೆ ಸಾಕು.

ತಮ್ಮ ತೀರ್ಮಾನಕ್ಕೆ ತಲೆಬಾಗುವ,
ಗುರುರಾಜ್

ಲಗತ್ತುಗಳು:
ಅ) ಡಾಕ್ಟರ್ ಚೀಟಿ, ಮೂಲಪ್ರತಿ.
ಆ) ಗ್ಯಾಸ್ ಅಲಾರಂ ಜೊತೆ ಬಂದ ಪುಸ್ತಿಕೆ.
ಇ) ಕಾಫಿ, ಒಂದು ಲೋಟ. ಮೆಷಿನ್ನನ್ನು ಇನ್ನೊಮ್ಮೆ ಇಳಿಸಿ ಮಾಡಿದ್ದು, ಇಪ್ಪತ್ತೊಂಬತ್ತು ಸೆಕೆಂಡಿನದು. ಬಸಮ್ಮನವರು ಮೂಸಿ, "ನಡೀತೈತಿ" ಎಂದು ಪಾಸು ಮಾಡಿದ್ದಾರೆ.

ವಿ.ಸೂ: ತಾವು ಇದನ್ನು ಓದುತ್ತಿರುವಾಗ ತಮ್ಮ ತಾಯಿಯವರು ಅಡುಗೆಮನೆ ಬಾಗಿಲ ಹಿಂದೆ ನಿಂತಿದ್ದಾರೆ. ಅವರಿಗೆ ಮಂಡಿನೋವು ಇರುವ ಕಾರಣ ಬೇಗ ಓದಿ ಮುಗಿಸಿ ಒಳಗೆ ಹೋಗಬೇಕಾಗಿ ವಿನಂತಿ.