ಅತ್ತೆಯ ಬಚ್ಚಲಿಗೆ ಇಪ್ಪತ್ತು ದಿನದ ನೋಟಿಸ್

ನಮ್ಮ ಟರ್ಲಾಕ್ ಊರಿನಲ್ಲಿ ನನ್ನಷ್ಟು ಅಚ್ಚುಕಟ್ಟಾಗಿ ಟೈಲ್ಸ್ ಕೂರಿಸುವವರು ಇನ್ನಿಬ್ಬರು ಇರಬಹುದು. (ಒಬ್ಬ ನಿವೃತ್ತನಾಗಿದ್ದಾನೆ, ಇನ್ನೊಬ್ಬನಿಗೆ ಮಂಡಿನೋವು.) ಆದರೆ ನನ್ನಷ್ಟು ಅಚ್ಚುಕಟ್ಟಾಗಿ ನೋಟಿಸ್ ಕಳಿಸುವವನು ಇಡೀ ಕ್ಯಾಲಿಫೋರ್ನಿಯಾದಲ್ಲೇ ಇಲ್ಲ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಜಂಬ ಇದ್ದರೂ ಸತ್ಯ ಸತ್ಯವೇ. ಇಂಥ ಡೆಲ್ಮಿರೊ ಆವಿಲನಿಗೆ ಮನೆಯೊಳಗೆ ಮಾತ್ರ ಕವಡೆ ಕಿಮ್ಮತ್ತಿಲ್ಲ. ಅದೇ ನನ್ನ ದೂರು.

ವಿಷಯ ಸರಳವಾಗಿದೆ. ಮನೆಯ ಯಜಮಾನ ಮುಖ್ಯ ಗುತ್ತಿಗೆದಾರನಿಗೆ ದುಡ್ಡು ಕೊಡುತ್ತಾನೆ, ಗುತ್ತಿಗೆದಾರ ನಮ್ಮಂಥ ಕಿರಿಯ ಗುತ್ತಿಗೆಯವರಿಗೆ ಕೊಡಬೇಕು. ಅವನು ಕೈ ಎತ್ತಿಬಿಟ್ಟರೆ ನಾವು ಆ ಮನೆಯ ಮೇಲೆಯೇ ಹಕ್ಕು ಸಾಧಿಸಬಹುದು. ಆದರೆ ಕೆಲಸಕ್ಕೆ ಕಾಲಿಟ್ಟ ಇಪ್ಪತ್ತು ದಿನದೊಳಗೆ 'ಸ್ವಾಮೀ, ನಾನೂ ಇಲ್ಲಿ ದುಡಿಯುತ್ತಿದ್ದೇನೆ' ಎಂದು ಯಜಮಾನನಿಗೆ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಪೂರ್ವಭಾವಿ ನೋಟಿಸ್ ಹೋಗಿರಬೇಕು. ತಡವಾದಷ್ಟೂ ಹಿಂದೆ ಮಾಡಿದ ಕೆಲಸದ ಹಕ್ಕು ಕರಗುತ್ತಾ ಹೋಗುತ್ತದೆ. ಕಳಿಸದೇ ಇದ್ದರೆ ಹಕ್ಕಿಗೆ ಎಳ್ಳುನೀರು ಬಿಟ್ಟಂತೆಯೇ.

ಹತ್ತೊಂಬತ್ತು ವರ್ಷಗಳ ಹಿಂದೆ ನಾನೂ ಬಿಟ್ಟಿದ್ದೆ. ಒಬ್ಬ ಹಲ್ಲಿನ ಡಾಕ್ಟರ ಹೊಸ ಕ್ಲಿನಿಕ್ಕಿಗೆ ಮೂರು ತಿಂಗಳು ಮಂಡಿಯೂರಿ ಟೈಲ್ಸ್ ಹಾಕಿದೆ. ನೋಟಿಸ್ ಮರೆತೆ. ಗುತ್ತಿಗೆದಾರ ಒಂದು ಬೆಳಿಗ್ಗೆ ನೆವಾಡಾಕ್ಕೆ ಪರಾರಿ! ಡಾಕ್ಟರು ನನ್ನ ಕಥೆಯನ್ನೆಲ್ಲ ಕೇಳಿ, ಮರುಗಿ, ಎರಡು ಟೂತ್‌ಬ್ರಷ್ ಕೊಟ್ಟು ಕಳಿಸಿದರು. ಅಂದು ಹಿಡಿದ ವ್ರತ ಇಂದಿನವರೆಗೂ ಮುರಿದಿಲ್ಲ. ನೋಟಿಸ್ ತಲುಪಿದ್ದಕ್ಕೆ ಸಹಿಯಾಗಿ ವಾಪಸು ಬರುವ ಹಸಿರು ಕಾರ್ಡುಗಳು ನಾನೂರ ಹನ್ನೆರಡು ಇವೆ. ಎಲ್ಲವನ್ನೂ ದೊಡ್ಡ ಬಿಸ್ಕತ್ತಿನ ಡಬ್ಬಿಯಲ್ಲಿಟ್ಟು ಬೀರುವಿನಲ್ಲಿ ಬೀಗ ಹಾಕಿದ್ದೇನೆ. "ಮದುವೆ ಫೋಟೋ ಗರಾಜಲ್ಲಿ ಇಲಿ ತಿಂತಾ ಇದೆ, ಈ ಡಬ್ಬಿಗೆ ಬೀರು ಬೇಕಾ?" ಎಂದು ನನ್ನ ಹೆಂಡತಿ ಜುಲ್ಮೀರಾ ವರ್ಷಕ್ಕೆ ನಾಲ್ಕು ಸಲ ಕೇಳುತ್ತಾಳೆ. ಮದುವೆಗೆ ಸಾಕ್ಷಿಯಾಗಿ ಅವಳೇ ಇದ್ದಾಳಲ್ಲ, ಫೋಟೋ ಯಾಕೆ?

ಈಗ ಅತ್ತೆಯ ಕಡೆಗೆ ಬರೋಣ. ನಮ್ಮತ್ತೆ ಹೆರ್ಮೀನಿಯಾ ಅವರಿಗೆ ಎಂಬತ್ತೊಂದು. ಅಸೋರ್ಸ್ ದ್ವೀಪದಿಂದ ಹೊಸ ಮದುವಣಗಿತ್ತಿಯಾಗಿ ಹಡಗಿಳಿದು, ಮಾವನ ಜೊತೆ ನೂರಿಪ್ಪತ್ತು ಹಸುಗಳ ಹಾಲು ಕರೆದು, ಇಬ್ಬರು ಮಕ್ಕಳನ್ನು ಬೆಳೆಸಿದ ಗಟ್ಟಿಗಿತ್ತಿ. ಹಸುಗಳು ಹೋದವು, ಮಾವನವರೂ ಹೋದರು. ಉಳಿದದ್ದು ಮೂಲೆ ಸೈಟಿನ ದೊಡ್ಡ ಮನೆ, ಅದರ ಹಿಂದೆ ಹಾಲು ಕರೆಯುವ ಹಳೆಯ ಕೊಟ್ಟಿಗೆ. ಆಹಾ, ಆ ಕೊಟ್ಟಿಗೆ! ಎತ್ತರದ ಸೂರು, ಕಾಂಕ್ರೀಟು ನೆಲ, ನೀರು ಹರಿಯಲು ಚರಂಡಿ. ಟೈಲ್ಸ್ ಕತ್ತರಿಸುವ ಯಂತ್ರಕ್ಕೆಂದೇ ದೇವರು ಕಟ್ಟಿಸಿದಂತಿದೆ. ಮೂವತ್ತು ವರ್ಷದಿಂದ ನನ್ನ ಯಂತ್ರ ಪಕ್ಕದ ಮನೆಯವರ ಬೈಗುಳದ ನಡುವೆ ಗರಾಜಿನಲ್ಲಿ ಕೂತಿದೆ. ಕಳೆದ ಕ್ರಿಸ್‌ಮಸ್ಸಿಗೆ ಅತ್ತೆ ಎಲ್ಲರೆದುರೇ ಹೇಳಿದ್ದರು: "ಮಗ ಓಜಿಗೆ ಆಗಲೇ ಎರಡು ಮನೆ ಇದೆ. ಈ ಮನೆ, ಆ ಕೊಟ್ಟಿಗೆ ಎರಡನ್ನೂ ನನ್ನ ಮಗಳು ಅಳಿಯ ಇಬ್ಬರ ಹೆಸರಿಗೂ ಉಯಿಲು ಬರೆದಿದೀನಿ." ಅಂದಿನಿಂದ ನಾನು ಅವರ ಮನೆಗೆ ಹೋದಾಗಲೆಲ್ಲ ಕೊಟ್ಟಿಗೆಯೊಳಗೆ ಹೋಗಿ ಹೆಜ್ಜೆಯಲ್ಲಿ ಅಳತೆ ಹಾಕಿ ಬರುತ್ತಿದ್ದೆ.

ಫೆಬ್ರವರಿಯಲ್ಲಿ ಅತ್ತೆ ಸ್ನಾನದ ತೊಟ್ಟಿಯಲ್ಲಿ ಜಾರಿದರು. ಮೂಳೆ ಮುರಿಯಲಿಲ್ಲ, ಹಠ ಮುರಿಯಿತು. ತೊಟ್ಟಿ ಕಿತ್ತು, ನಡೆದು ಹೋಗಿ ನಿಂತು ಸ್ನಾನ ಮಾಡುವಂಥ ಬಚ್ಚಲು ಮಾಡಿಸಲು ಒಪ್ಪಿದರು. ನನ್ನ ಭಾವಮೈದುನ ಓಜಿಗೆ ಗುತ್ತಿಗೆದಾರನ ಲೈಸೆನ್ಸ್ ಇದೆ. ತಾಯಿ ಮಗ ಕಾಗದ ಮಾಡಿಕೊಂಡರು. ಟೈಲ್ಸ್ ಕೆಲಸ ನನಗೆ ಬಂತು. ಗಮನಿಸಿ: ಯಜಮಾನಿ ಅತ್ತೆ, ಗುತ್ತಿಗೆದಾರ ಓಜಿ, ಅವನ ಕೆಳಗೆ ನಾನು. ಅಂದರೆ ಕಾನೂನಿನ ಪ್ರಕಾರ ಅತ್ತೆಗೆ ನಾನು ಯಾರೋ ಪರದೇಶಿ!

ಮೊದಲ ದಿನ ಸಂಜೆ ಮನೆಗೆ ಬಂದವನೇ ನೋಟಿಸಿನ ಫಾರಂ ತೆಗೆದೆ. ಜುಲ್ಮೀರಾ ಕಾಳು ಬಿಡಿಸುತ್ತಿದ್ದವಳು ಕೈ ನಿಲ್ಲಿಸಿದಳು.

"ಡೆಲ್, ಅದು ಯಾರಿಗೆ?"

"ಯಜಮಾನಿಗೆ."

"ಯಜಮಾನಿ ಅಂದ್ರೆ ನಮ್ಮಮ್ಮ!"

"ಕಾನೂನಲ್ಲಿ ಅಮ್ಮ ಅಂತ ಒಂದು ಕಾಲಂ ಇಲ್ಲ."

"ನಿನಗೆ ತಲೆ ನೆಟ್ಟಗಿದೆಯಾ? ದುಡ್ಡು ಕೊಡೋನು ನನ್ನ ತಮ್ಮ. ಕೊಡದೆ ಎಲ್ಲಿಗೆ ಹೋಗ್ತಾನೆ?"

"ನೆವಾಡಾಕ್ಕೆ," ಎಂದೆ.

"ಆ ಮನೆ ನಾಳೆ ನಿನಗೇ ಬರೋದು ಕಣೋ. ನಿನ್ನ ಮನೆಗೆ ನೀನೇ ನೋಟಿಸ್ ಕೊಡ್ತೀಯಾ?"

"ಅದೇ ಬೇರೆ, ಇದೇ ಬೇರೆ. ಒಂದು ಸಲ ಬಿಟ್ಟರೆ ಅಭ್ಯಾಸ ತಪ್ಪುತ್ತೆ."

ಅವಳು ಫಾರಂ ಕಿತ್ತುಕೊಂಡು ಕಾಳಿನ ಸಿಪ್ಪೆಗಳ ಜೊತೆ ಕಸದ ಬುಟ್ಟಿಗೆ ಹಾಕಿದಳು. ನಾನು ಜಗಳವಾಡಲಿಲ್ಲ. (ನನ್ನ ಬಳಿ ಇನ್ನೂ ಇನ್ನೂರು ಫಾರಂ ಇದ್ದವು.)

ಹದಿನೆಂಟು ದಿನ ತಡೆದುಕೊಂಡೆ. ಬಚ್ಚಲಿಗೆ ಕಡಲಿನ ನೀಲಿ ಬಣ್ಣದ ಟೈಲ್ಸ್ ಏರುತ್ತಿದ್ದವು, ನನ್ನ ಮನಸ್ಸು ಮಾತ್ರ ಕ್ಯಾಲೆಂಡರಿನ ಮೇಲೆ. ಹಲ್ಲಿನ ಡಾಕ್ಟರು ಕನಸಿನಲ್ಲಿ ಬಂದು ಟೂತ್‌ಬ್ರಷ್ ತೋರಿಸಿದರು. ಹತ್ತೊಂಬತ್ತನೆಯ ದಿನ ಬೆಳಿಗ್ಗೆ ಹಾಲು ತರುತ್ತೇನೆಂದು ಹೊರಟವನು ಸೀದಾ ಪೋಸ್ಟಾಫೀಸಿಗೆ ಹೋದೆ. ಅತ್ತೆಗೆ ಅಂತ ಹೂವಿನ ಚಿತ್ರದ ಸ್ಟಾಂಪನ್ನೇ ಆರಿಸಿ ಹಚ್ಚಿದೆ. ನನ್ನ ಕೈಯಲ್ಲಿ ಆಗುವ ಮರ್ಯಾದೆಯನ್ನೆಲ್ಲ ಮಾಡಿದೆ. ಹಾಲು ಮರೆತು ಬಂದೆ.

ಆ ನೋಟಿಸಿನಲ್ಲಿ ಒಂದು ಭಾಗವಿದೆ. ಅದನ್ನು ಬರೆದವನು ನಾನಲ್ಲ, ಸರ್ಕಾರ. ದಪ್ಪಕ್ಷರದಲ್ಲೇ ಅಚ್ಚು ಹಾಕಬೇಕೆಂದೂ ಸರ್ಕಾರವೇ ಹೇಳಿದೆ. ಅದರ ಸಾರಾಂಶ ಇಷ್ಟು: ನೀವು ಗುತ್ತಿಗೆದಾರನಿಗೆ ಪೂರ್ತಿ ದುಡ್ಡು ಕೊಟ್ಟಿದ್ದರೂ ಈ ಮನುಷ್ಯನಿಗೆ ತಲುಪದಿದ್ದರೆ, ಇವನು ಕೋರ್ಟಿಗೆ ಹೋಗಿ, ನಿಮ್ಮ ಆಸ್ತಿ ಪೂರ್ತಿಯಾಗಿಯೋ ಭಾಗಶಃವಾಗಿಯೋ ಕೈತಪ್ಪಬಹುದು. ಅತ್ತೆಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. ಆದರೆ ದಪ್ಪಕ್ಷರ ಯಾವ ಭಾಷೆಯಲ್ಲಿದ್ದರೂ ದಪ್ಪವೇ. ಭೂತಗನ್ನಡಿ ಹಿಡಿದು ಎರಡು ದಿನ ಓದಿದರಂತೆ.

ಹಸಿರು ಕಾರ್ಡು ಶನಿವಾರ ವಾಪಸು ಬಂತು, 'ಹೆರ್ಮೀನಿಯಾ' ಎಂಬ ನಡುಗುವ ಸಹಿಯೊಂದಿಗೆ. ನಾನೂರ ಹದಿಮೂರು! ಡಬ್ಬಿಗೆ ಹಾಕಿ ನೆಮ್ಮದಿಯಾಗಿ ಮಲಗಿದೆ.

ಭಾನುವಾರ ಚರ್ಚಿನ ಪೂಜೆ ಮುಗಿಸಿ ಎಲ್ಲರೂ ಎಂದಿನಂತೆ ಅತ್ತೆಯ ಮನೆಗೆ ಊಟಕ್ಕೆ ಹೋದೆವು. ಕೇಲ್ ಸೊಪ್ಪಿನ ಸೂಪು, ಹುರಿದ ಲಿಂಗ್ವೀಸಾ ಸಾಸೇಜು, ಸಿಹಿ ಬ್ರೆಡ್ಡು. ಅತ್ತೆ ಓಜಿಗೆ ಬಡಿಸಿದರು, ಜುಲ್ಮೀರಾಗೆ ಬಡಿಸಿದರು. ನನ್ನ ತಟ್ಟೆಯ ಹತ್ತಿರ ಬಂದು ಸೌಟು ಹಿಡಿದು ನಿಂತರು.

"ಅಳಿಯಂದ್ರೇ, ಊಟಕ್ಕೆ ಮುಂಚೆ ನಾನು ಎಲ್ಲಾದ್ರೂ ಸೈನ್ ಹಾಕ್ಬೇಕಾ?"

ಓಜಿ ಕೆಮ್ಮಿದ. ಜುಲ್ಮೀರಾ ನನ್ನನ್ನು ನೋಡಿದಳು. ಆ ನೋಟದಲ್ಲಿ ಲಿಂಗ್ವೀಸಾ ಇನ್ನೊಮ್ಮೆ ಹುರಿಯಬಹುದಿತ್ತು.

"ಕಳಿಸಿಬಿಟ್ಯಾ? ನಾನು ಅಷ್ಟು ಹೇಳಿದ್ರೂ ಕಳಿಸಿಬಿಟ್ಯಾ!"

"ಅತ್ತೆ, ತಪ್ಪು ತಿಳೀಬೇಡಿ," ಎಂದೆ ಗಂಭೀರವಾಗಿ. "ಅದು ಬೆದರಿಕೆ ಅಲ್ಲ, ಬರೀ ಪರಿಚಯ ಪತ್ರ."

"ಪರಿಚಯ? ಮದುವೆಯಾಗಿ ಮೂವತ್ತು ವರ್ಷದ ಮೇಲೆ ಪರಿಚಯವಾ? ಬೆದರಿಕೆ ಅಲ್ಲ, ಪರಿಚಯವಂತೆ! ಅಳಿಯ ಅಲ್ಲ, ಮಗಳ ಗಂಡ ಅಂದ ಹಾಗಾಯ್ತು!"

"ಮನೆ ಹೋಗುತ್ತೆ ಅಂತ ಅಲ್ಲ ಅತ್ತೆ, ಹೋಗಬಹುದು ಅಂತ ಅಷ್ಟೇ ಬರೆದಿರೋದು."

"ಓಹೋ, ಹೋಗಬಹುದು! ನಿಮ್ಮ ಮಾವ ಬೆಳಗಿನ ಜಾವ ಮೂರು ಗಂಟೆಗೆದ್ದು ಹಾಲು ಕರೆದು ಕಟ್ಟಿದ ಮನೆ ಕಣಪ್ಪ ಇದು. ಅದು ಬಚ್ಚಲ ಟೈಲ್ಸಿಗೆ ಹೋಗಬಹುದಾ?" ಅತ್ತೆಯ ಕಣ್ಣು ತುಂಬಿತು. ನನಗೆ ನಿಜಕ್ಕೂ ಕೆಡುಕೆನಿಸಿತು. ಆದರೆ ಕೆಡುಕೆನಿಸಿದಾಗ ಸುಮ್ಮನಿರುವುದು ನನ್ನ ಜಾಯಮಾನವಲ್ಲ; ನಾನು ವಿವರಿಸುತ್ತೇನೆ.

ವಿವರಿಸಿದೆ. ಸೂಪು ಆರುವವರೆಗೆ ವಿವರಿಸಿದೆ. ನಂಬಿಕೆ ಬೇರೆ, ಕಾಗದ ಬೇರೆ. ಅಪಾಯ ಬಂದ ಮೇಲೆ ಬಡಿದಾಡುವುದಕ್ಕಿಂತ ಬರುವ ಮೊದಲೇ ಬರೆದಿಡುವುದು ಜಾಣತನ. ಇದರಲ್ಲಿ ನೆಂಟರು ಇಷ್ಟರು ಎಂದು ನೋಡಬಾರದು. ದಾಕ್ಷಿಣ್ಯಕ್ಕೆ ಬಸುರಾದರೆ ಹೆರುವುದಕ್ಕೆ ಜಾಗವಿಲ್ಲ. ಅತ್ತೆ ನಿಧಾನವಾಗಿ ಕಣ್ಣೊರೆಸಿಕೊಂಡು ಕುರ್ಚಿ ಎಳೆದು ಕೂತರು.

"ಅಂದ್ರೆ ಭಯ ಇರೋರು ತಡಮಾಡಬಾರದು ಅಂತೀಯಾ?"

"ಒಂದು ದಿನ ಕೂಡ ಮಾಡಬಾರದು ಅತ್ತೆ!"

"ಮಗಳ ಗಂಡ ಅಂತ ದಾಕ್ಷಿಣ್ಯ ನೋಡಬಾರದು?"

"ಎಳ್ಳಷ್ಟೂ ನೋಡಬಾರದು."

"ಬಾಯಲ್ಲಿ ಹೇಳಿದ್ರೆ ಸಾಲದು, ಕಾಗದದಲ್ಲೇ ಆಗ್ಬೇಕು. ರಿಜಿಸ್ಟರ್ಡ್ ಪೋಸ್ಟೇ ಆಗ್ಬೇಕು?"

"ಹಸಿರು ಕಾರ್ಡಿನ ಸಮೇತ! ವಿಳಾಸ ಪೂರ್ತಿ ಬರೀಬೇಕು, ದಿನಾಂಕ ಹಾಕ್ಬೇಕು, ಒಂದು ಪ್ರತಿ ನಿಮ್ಮ ಹತ್ರ ಇಟ್ಕೋಬೇಕು."

ಅತ್ತೆ ಎದ್ದು ಹೋಗಿ ದಿನಸಿ ಬರೆಯುವ ಚೀಟಿ, ಪೆನ್ಸಿಲ್ಲು ತಂದು ಒಂದೊಂದನ್ನೂ ಬರೆದುಕೊಂಡರು. ಅರ್ಥವಾಗದ್ದನ್ನು ಎರಡೆರಡು ಸಲ ಕೇಳಿದರು. ನನ್ನ ಎದೆ ಉಬ್ಬಿತು. ಇಷ್ಟು ವರ್ಷದಿಂದ ಓಜಿಯ ತಲೆಗೆ ಹತ್ತದ್ದು ಈ ಮುದುಕಿಗೆ ಅರ್ಧ ಗಂಟೆಯಲ್ಲಿ ಹತ್ತಿತಲ್ಲ! ಆಮೇಲೆ ನನ್ನ ತಟ್ಟೆಗೂ ಸೂಪು ಬಿತ್ತು. ತಣ್ಣಗಿತ್ತು, ಆದರೆ ಬಿತ್ತು.

ಕಾರಿನಲ್ಲಿ ಬರುವಾಗ, "ನೋಡಿದೆಯಾ? ವಿವರಿಸಿ ಹೇಳಿದರೆ ನಿಮ್ಮಮ್ಮನಿಗೆ ಎಲ್ಲಾ ಅರ್ಥವಾಗುತ್ತೆ," ಎಂದೆ.

"ಅದೇ ನನಗೆ ಭಯ," ಎಂದಳು ಜುಲ್ಮೀರಾ.

ಬಚ್ಚಲು ಮುಗಿಯಿತು. ಅಂಥ ನೀಲಿ ಬಚ್ಚಲು ಬಿಷಪ್ಪರ ಬಂಗಲೆಯಲ್ಲೂ ಇರಲಿಕ್ಕಿಲ್ಲ. ಓಜಿ ಅದೇ ಸಂಜೆ ನನ್ನ ಚೆಕ್ಕು ತಂದು ಮೇಜಿನ ಮೇಲಿಟ್ಟು, "ನೆವಾಡಾಕ್ಕೆ ಹೋಗೋದು ಮುಂದಕ್ಕೆ ಹಾಕಿದೀನಿ ಭಾವ," ಎಂದು ಹೋದ. ಅತ್ತೆಯೂ ನಗುನಗುತ್ತಲೇ ಇದ್ದರು. ಉಗುರಿಗೂ ಪೆಟ್ಟಾಗದೆ ವ್ರತವೂ ಉಳಿಯಿತು, ನೆಂಟಸ್ತಿಕೆಯೂ ಉಳಿಯಿತು ಎಂದುಕೊಂಡು, ಕೊಟ್ಟಿಗೆಗೆ ಯಾವ ಬಣ್ಣ ಬಳಿಯುವುದೆಂದು ಯೋಚಿಸತೊಡಗಿದೆ.

ಮುಂದಿನ ಗುರುವಾರ ಅಂಚೆಯವ ಬಂದು ಬಾಗಿಲು ತಟ್ಟಿದ. "ಆವಿಲ ಅವ್ರೇ, ನೀವೇ ಕಳಿಸೋದು ನೋಡಿ ನೋಡಿ ಸಾಕಾಗಿತ್ತು. ಇವತ್ತು ನಿಮಗೇ ಬಂದಿದೆ. ಇಲ್ಲೊಂದು ಸೈನ್ ಹಾಕಿ," ಎಂದು ಹಸಿರು ಕಾರ್ಡು ಚಾಚಿದ. ಮೂವತ್ತು ವರ್ಷದ ವೃತ್ತಿಯಲ್ಲಿ ಆ ಕಾರ್ಡಿನ ಆ ಬದಿಗೆ ನಾನು ಸಹಿ ಹಾಕಿದ್ದು ಅದೇ ಮೊದಲು.

ಲಕೋಟೆಯಲ್ಲಿ ವಕೀಲರ ಕಾಗದವಿತ್ತು. ಹೆರ್ಮೀನಿಯಾ ಅವರ ಉಯಿಲಿನಲ್ಲಿ 'ನನ್ನ ಮಗಳು ಮತ್ತು ಅಳಿಯ' ಎಂದಿದ್ದ ಕಡೆಯೆಲ್ಲ ಇನ್ನು ಮುಂದೆ 'ನನ್ನ ಮಗಳು' ಎಂದಷ್ಟೇ ಓದಿಕೊಳ್ಳತಕ್ಕದ್ದು. ಹಿತ್ತಿಲ ಕೊಟ್ಟಿಗೆ ಮಗ ಓಜಿಗೆ. ಅವನು ಅಲ್ಲಿ ತನ್ನ ದೋಣಿ ನಿಲ್ಲಿಸಿಕೊಳ್ಳಬಹುದು. ತಿದ್ದುಪಡಿಗೆ ಸಹಿ ಬಿದ್ದಿದ್ದು ನಮ್ಮ ಭಾನುವಾರದ ಊಟದ ಮಾರನೆಯ ಬೆಳಿಗ್ಗೆ. ಒಂದು ದಿನ ಕೂಡ ತಡವಿಲ್ಲ! ಎಲ್ಲಿಯಾದರೂ ಒಂದು ತಪ್ಪು ಸಿಕ್ಕೀತೇ ಎಂದು ಮೂರು ಸಲ ಓದಿದೆ. ವಿಳಾಸ ಪೂರ್ತಿ ಇತ್ತು. ದಿನಾಂಕ ಇತ್ತು. ಪ್ರತಿ ಇಟ್ಟುಕೊಂಡದ್ದಕ್ಕೆ ಟಿಪ್ಪಣಿ ಇತ್ತು. ನನ್ನ ನೋಟಿಸಿನಲ್ಲಿದ್ದ ದಪ್ಪಕ್ಷರದ ಮಾತು ನೆನಪಾಯಿತು: ಆಸ್ತಿ ಪೂರ್ತಿಯಾಗಿಯೋ ಭಾಗಶಃವಾಗಿಯೋ ಕೈತಪ್ಪಬಹುದು. ಸರ್ಕಾರ ಸುಳ್ಳು ಹೇಳಿರಲಿಲ್ಲ. ಯಾರ ಕೈ ಎಂದು ಮಾತ್ರ ಬರೆದಿರಲಿಲ್ಲ.

ಜುಲ್ಮೀರಾ ಕಾಗದ ಓದಿ, ಮಡಿಸಿ, ಬೀರು ತೆಗೆದು ನನ್ನ ಬಿಸ್ಕತ್ತಿನ ಡಬ್ಬಿಯನ್ನು ಗರಾಜಿಗೆ ಸಾಗಿಸಿದಳು. ವಾಪಸು ಬರುವಾಗ ಕೈಯಲ್ಲಿ ಮದುವೆಯ ಫೋಟೋ ಇತ್ತು. ನನ್ನ ಮುಖದ ಭಾಗವನ್ನು ಇಲಿ ತಿಂದಿತ್ತು.

ಭಾನುವಾರ ಊಟಕ್ಕೆ ಹೋಗದಿರಲು ಧೈರ್ಯ ಸಾಲದೆ ಹೋದೆ. ಅತ್ತೆ ಎಲ್ಲರಿಗಿಂತ ಮೊದಲು ನನಗೇ ಬಡಿಸಿದರು. ಬಿಸಿಬಿಸಿ ಸೂಪು, ದೊಡ್ಡ ತುಂಡು ಸಿಹಿ ಬ್ರೆಡ್ಡು. ನಾನು ತಲೆಯೆತ್ತಲಿಲ್ಲ. ಅವರು ಪಕ್ಕದಲ್ಲೇ ಕೂತು ನನ್ನ ಬೆನ್ನು ಸವರಿದರು.

"ಯಾಕಪ್ಪಾ ಇಷ್ಟು ಸಪ್ಪಗಿದೀಯಾ? ತಪ್ಪು ತಿಳೀಬೇಡ," ಎಂದರು. "ಅದು ಬೆದರಿಕೆ ಅಲ್ಲ, ಬರೀ ಪರಿಚಯ ಪತ್ರ."