ಸಾದಿರಜ್ಜನ ಗೋಡೆಯ ಮೇಲಿನ ಗಡಿಠಾಣೆ

ಎಲ್ಲಕ್ಕೂ ಕಾರಣ ಹದಿನೇಳು ಮೆಟ್ಟಿಲು.

ಒಂಬತ್ತು ವರ್ಷದ ಬುರುಲ್‌ಳ ಅಣ್ಣ ಕುಬಾತ್ ಸೈನ್ಯಕ್ಕೆ ಹೋಗಿ ನಾಲ್ಕು ತಿಂಗಳಾಗಿತ್ತು. ಬೆಟ್ಟದ ಮೇಲಿನ ಗಡಿಠಾಣೆಯಲ್ಲಿ ಕಾವಲು ಎಂದು ಹೇಳಿದ್ದ. ಬೀದಿಯವರೆಲ್ಲ ಸೇರಿ ಕುರಿ ಕಡಿದು ಊಟ ಹಾಕಿ ಅವನನ್ನು ಕಳಿಸಿಕೊಟ್ಟಿದ್ದರು. ಬುರುಲ್ ಅಂದು ಅಳಲಿಲ್ಲ. ಆದರೆ ಅಣ್ಣ ಎಂಥ ಜಾಗದಲ್ಲಿ ನಿಂತಿದ್ದಾನೆ ಎಂಬುದು ಕಣ್ಣಿಗೆ ಕಟ್ಟದೆ ಅವಳಿಗೆ ರೊಟ್ಟಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಹಾಗಾಗಿ ಪಕ್ಕದ ಮನೆಯ ಸಾದಿರಜ್ಜನ ಕೊಟ್ಟಿಗೆ ಗೋಡೆಯ ಮೇಲೆ ಅದನ್ನು ಬರೆಯತೊಡಗಿದಳು. ಒಲೆಯ ಇದ್ದಿಲು, ಬೀಟ್‌ರೂಟ್ ರಸ, ಕಿಟಕಿಗೆ ಬಳಿದು ಉಳಿದಿದ್ದ ನೀಲಿ ಬಣ್ಣ, ಇಷ್ಟೇ ಸಾಮಾನು. ಉಳಿದದ್ದಕ್ಕೆಲ್ಲ ಶನಿವಾರ ಬೆಳಿಗ್ಗೆ ಬರುವ ಅಣ್ಣನ ಫೋನು.

"ಠಾಣೆ ನಾಯಿಗೆ ಯಾವ ಕಿವಿ ಮಡಚಿದೆ?"

"ಎಡಗಿವಿ."

"ನಾಯಿಗೆ ಎಡನಾ, ನಿಂಗೆ ಎಡನಾ?"

ಕುಬಾತ್ ಯೋಚಿಸಿ ಹೇಳಿದ: "ನಾಯಿಗೆ."

"ಕಾವಲು ಗೋಪುರಕ್ಕೆ ಮೆಟ್ಟಿಲೆಷ್ಟು?"

"ಹದಿನೇಳು ಅಂತ ಬರ್ಕೋ."

ಆ ಶನಿವಾರ ಹದಿನೇಳನೆಯ ಮೆಟ್ಟಿಲು ಬರೆದು ಮುಗಿಸುವ ಹೊತ್ತಿಗೆ ಸಾದಿರಜ್ಜ ಹಸುವಿಗೆ ನೀರಿಡಲು ಬಂದ. ಮೂವತ್ತು ವರ್ಷದ ಹಿಂದೆ ಸೈನ್ಯದಲ್ಲಿ ಲಾರಿ ಓಡಿಸಿದವನು. ಅಂದಿನಿಂದ ದೇಶದ ರಕ್ಷಣೆ ತನ್ನ ಹೆಗಲ ಮೇಲೇ ಇದೆ ಎಂದು ನಂಬಿದವನು. ಚಿತ್ರ ನೋಡಿ ಬಕೆಟ್ ಕೆಳಗಿಟ್ಟ.

"ಇದೇನು ಮಗಾ?"

"ಅಣ್ಣನ ಠಾಣೆ. ಇದು ಗೋಪುರ, ಇದು ಮದ್ದುಗುಂಡಿನ ಕೋಣೆ, ಇಲ್ಲಿ ಕಾವಲಿನವರು ಪಾಳಿ ಬದಲಾಯಿಸ್ತಾರೆ."

"ಮದ್ದಿನ ಕೋಣೆ ಬಾಗಿಲು ಯಾವ ಕಡೆಗಿದೆ ಅಂತಲೂ ಬರ್ದಿದೀಯಲ್ಲೇ. ಶತ್ರುಗೆ ಇನ್ನೇನು ಬೇಕು?"

ಅಜ್ಜ ಮನೆಯೊಳಗೆ ಹೋದವನೇ ಪಟ್ಟಣದ ಸೈನ್ಯದ ಕಚೇರಿಗೆ ಫೋನು ಮಾಡಿ, ಗಡಿಯ ಗುಟ್ಟು ಗೋಡೆ ಹತ್ತಿದೆ ಎಂದು ವರದಿ ಒಪ್ಪಿಸಿದ. ಮಧ್ಯಾಹ್ನ ಮೇಜರ್ ಬರುತ್ತಾರೆ ಎಂದರು. ಎದೆಯುಬ್ಬಿಸಿಕೊಂಡು ಹೊರಬಂದು ಕಲೀಪಾಗೆ ಸುದ್ದಿ ಹೇಳಿದ. ಎದುರು ಮನೆಯ ಕಲೀಪಾಳ ಬಾಯಲ್ಲಿ ಸುದ್ದಿ ತಡೆದಿಡುವುದೂ ಕುದಿಯುವ ಚಹಾ ಸಮೊವಾರಿನ ಬಾಯಿಗೆ ಚಿಂದಿ ತುರುಕುವುದೂ ಒಂದೇ.

ಆಕೆ ಎಲ್ಲ ಕೇಳಿ, "ಅದ್ಸರಿ ಸಾದಿರಣ್ಣ, ಗೋಡೆ ಯಾರದು?" ಎಂದಳು.

ಅಜ್ಜನ ಮುಖ ಹುಳಿ ಹಾಲಿನ ಬಣ್ಣಕ್ಕೆ ತಿರುಗಿತು.

ಆಮೇಲೆ ಓಡಾಟ ಶುರುವಾಯಿತು. ಸುಣ್ಣ ಬಳಿಯೋಣವೆಂದರೆ ಮನೆಯಲ್ಲಿ ಸುಣ್ಣವಿರಲಿಲ್ಲ. ಕಲೀಪಾ ತನ್ನ ಮದುವೆಯ ಉಣ್ಣೆ ಜಮಖಾನ ತಂದು ಗೋಡೆಗೆ ಮೊಳೆ ಹೊಡೆಸಿ ನೇತುಹಾಕಿದಳು. ಅದರ ಭಾರಕ್ಕೆ ಮೊಳೆ ಕಿತ್ತು, ಜಮಖಾನ ಅಜ್ಜನ ತಲೆಯ ಮೇಲೆಯೇ ಬಿತ್ತು. ಕೊನೆಗೆ ಚಳಿಗಾಲಕ್ಕೆ ಕೂಡಿಟ್ಟ ಹುಲ್ಲನ್ನೆಲ್ಲ ತಂದು ಗೋಡೆಯುದ್ದಕ್ಕೂ ಒಟ್ಟಿದರು. ಬುರುಲ್‌ಳ ಅಮ್ಮ ಹುಲ್ಲು ಹೊರುತ್ತಲೇ ಬೇಡಿಕೊಂಡಳು: "ಅಣ್ಣನ ಕೆಲಸಕ್ಕೆ ಕುತ್ತು ತರ್ಬೇಡ ಕಣೇ. ಸಾಹೇಬ್ರು ಬಂದಾಗ ಒಂದೂ ಪ್ರಶ್ನೆ ಕೇಳ್ಬಾರ್ದು."

ಮೇಜರ್ ಬಂದರು. ದಪ್ಪ ಮೀಸೆ, ಸುಸ್ತಾದ ಕಣ್ಣು. "ಎಲ್ಲಿ ಗುಟ್ಟು?"

"ಯಾವ ಗುಟ್ಟು ಸಾಹೇಬ್ರೇ," ಎಂದ ಸಾದಿರಜ್ಜ. "ವಯಸ್ಸಾಯ್ತು. ಏನೋ ಕನಸು ಬಿದ್ದಿತ್ತು."

ಅಷ್ಟರಲ್ಲಿ ಹಸು ಅನಿರೀಕ್ಷಿತ ಹಬ್ಬದೂಟದಲ್ಲಿ ಮೈಮರೆತಿತ್ತು. ಅದು ಒಂದೊಂದು ಬಾಯಿ ಎಳೆದಂತೆ ಹುಲ್ಲಿನ ಹಿಂದಿನಿಂದ ಮೊದಲು ನಾಯಿಯ ಕಿವಿ, ಆಮೇಲೆ ಗೋಪುರ, ಆಮೇಲೆ ಬಂದೂಕು ಹಿಡಿದ ಸಿಪಾಯಿಯ ತಲೆ ಕಾಣಿಸಿಕೊಂಡವು. ಮೇಜರ್ ಹುಲ್ಲು ಸರಿಸಿದರು. ಬಹಳ ಹೊತ್ತು ನೋಡಿದರು.

"ಯಾವ ಠಾಣೆ ಇದು? ಇಂಥದ್ದು ನಮ್ಮ ಗಡಿಯುದ್ದಕ್ಕೂ ಎಲ್ಲೂ ಇಲ್ಲ. ಯಾರು ಹೇಳಿದ್ದು?"

"ನಮ್ಮಣ್ಣ. ಕುಬಾತ್," ಎಂದಳು ಬುರುಲ್.

"ಬಲಗೆನ್ನೆ ಮೇಲೆ ಮಚ್ಚೆ ಇರೋ ಕುಬಾತಾ?" ಮೇಜರ್ ಟೋಪಿ ತೆಗೆದು ತಲೆ ಕೆರೆದುಕೊಂಡರು. "ಅವನು ಬೆಟ್ಟ ಹತ್ತೇ ಇಲ್ವಲ್ಲಮ್ಮ. ನಮ್ಮ ಕಚೇರಿ ಅಡುಗೆಮನೇಲಿದಾನೆ. ಬೆಳಿಗ್ಗೆ ನಾನು ತಿಂದ ಗಂಜಿ ಅವನದೇ. ಉಪ್ಪು ಹಾಕಿದ್ದು ಮರ್ತು ಇನ್ನೊಂದ್ಸಲ ಹಾಕ್ತಾನೆ."

ಅಮ್ಮ ಹುಲ್ಲಿನ ಮೇಲೆ ಕುಸಿದು ಕುಳಿತಳು. ನಗುವೂ ಅಳುವೂ ಒಟ್ಟಿಗೇ ಬಂದವು. ಪಟ್ಟಣಕ್ಕೆ ಬಸ್ಸು ಹತ್ತಿದರೆ ಅರ್ಧ ಗಂಟೆ. ನಾಲ್ಕು ತಿಂಗಳು ತಾನು ಗಾಳಿ ಬೀಸಿದಾಗಲೆಲ್ಲ ಬೆಚ್ಚಿದ್ದು ಆಲೂಗಡ್ಡೆ ಸುಲಿಯುವವನಿಗಾಗಿ. ಕುರಿ ತಿಂದವರಿಗೆ ಮುಖ ತೋರಿಸಲಾರದೆ ಅಣ್ಣ ಮಾತಿನಲ್ಲೇ ಠಾಣೆ ಕಟ್ಟಿದ್ದಾನೆ ಎಂದು ಬುರುಲ್‌ಗೆ ತಟ್ಟನೆ ಹೊಳೆಯಿತು. ಅವಳಿಗೆ ಸಿಟ್ಟು ಬರಲಿಲ್ಲ. ನಾಳೆಯೇ ಬಸ್ಸು ಹತ್ತಿ ಅವನನ್ನು ನೋಡಿಬರಬಹುದಲ್ಲ ಎಂದು ಜೀವ ಹಗುರಾಯಿತು.

ಆದರೆ ಮೇಜರ್ ಇನ್ನೂ ಗೋಡೆಯ ಮುಂದೆಯೇ ನಿಂತಿದ್ದರು. ಕಣ್ಣು ತೇವವಾಗಿತ್ತು.

"ಒಬ್ಬ ಹುಡುಗ ಪಾತ್ರೆ ತಿಕ್ತಾ ತಿಕ್ತಾ ಇಷ್ಟೆಲ್ಲ ಕನಸು ಕಂಡಿದಾನೆ," ಎಂದು ಜೇಬಿನಿಂದ ಫೋನು ತೆಗೆದರು. "ಅಡುಗೆಮನೆ ಕುಬಾತ್‌ನ ನಾಳೆ ಬೆಳಿಗ್ಗೆ ಗಡಿಗೆ ಕಳಿಸಿ. ಎಲ್ಲಕ್ಕಿಂತ ಮೇಲಿರೋ ಠಾಣೆಗೆ. ಹೌದು, ಗಂಜಿಗೆ ಬೇರೆಯವರನ್ನ ನೋಡಿ."

"ಅಯ್ಯೋ, ಬೇಡ ಸಾಹೇಬ್ರೇ," ಎಂದಳು ಅಮ್ಮ.

"ಉಪಕಾರ ಅಂತ ತಿಳ್ಕೋಬೇಡಿ ತಾಯಿ. ಇದು ನನ್ನ ಕರ್ತವ್ಯ," ಎಂದು ಮೇಜರ್ ಜೀಪು ಹತ್ತಿದರು.

ಸಂಜೆ ಕುಬಾತ್‌ನ ಫೋನು ಬಂತು. ಶನಿವಾರ ಎರಡನೆಯ ಸಲ ಅವನು ಎಂದೂ ಮಾಡಿದವನಲ್ಲ.

"ಬುರುಲ್, ನನ್ನನ್ನ ಇನ್ನೂ ಮೇಲಿನ ಠಾಣೆಗೆ ಹಾಕಿದಾರೆ. ಯಾರೋ ದೊಡ್ಡೋರು ಶಿಫಾರಸು ಮಾಡಿದ್ರಂತೆ."

ಅವಳು ಯಾರೆಂದು ಹೇಳಲಿಲ್ಲ. ಕಲೀಪಾ, ಸಾದಿರಜ್ಜ, ಅಮ್ಮ ಮೂವರೂ ಫೋನಿನ ಸುತ್ತ ಉಸಿರು ಬಿಗಿಹಿಡಿದು ಕುಳಿತಿದ್ದರು.

"ಅಲ್ಲಿ ಚಳಿ ತುಂಬಾನಾ ಅಣ್ಣ?"

"ಗೊತ್ತಿಲ್ಲ ಕಣೇ," ಎಂದ ಕುಬಾತ್. ನಾಲ್ಕು ತಿಂಗಳಲ್ಲಿ ಅವನು ಅವಳಿಗೆ ಹೇಳಿದ ಮೊದಲ ನಿಜ ಅದು.