ಬಿದ್ದ ಎಲ್ಮ್ ಮರದ ಫೋಟೋ

ಡೋರೀನಳ ಹೋಟೆಲಿನ ಗೋಡೆ ಗಡಿಯಾರ ಕೆಟ್ಟು ರಿಪೇರಿಗೆ ಹೋದದ್ದೇ ಇಷ್ಟಕ್ಕೆಲ್ಲ ಮೂಲ. ಗಡಿಯಾರವಿದ್ದ ಜಾಗದಲ್ಲಿ ಗುಂಡಗೆ ಒಂದು ಬಿಳಿ ಗುರುತು ಉಳಿದು, ಬೋಳುತಲೆಯವನು ಟೋಪಿ ತೆಗೆದ ಹಾಗೆ ಕಾಣುತ್ತಿತ್ತು ಗೋಡೆ.

"ಏನಾದ್ರೂ ತಂದು ಮುಚ್ಚಬೇಕಲ್ಲ ಇದನ್ನ," ಎಂದು ಡೋರೀನ್ ಗೊಣಗಿದಾಗ ಎದುರಿಗೆ ಕಾಫಿ ಕುಡಿಯುತ್ತ ಕೂತಿದ್ದವನು ವರ್ಲಿನ್ ಹೌಟಲಾ.

ವರ್ಲಿನ್ ಶಾಲೆಯ ಬಸ್ಸು ಓಡಿಸಿ ನಿವೃತ್ತನಾದವನು. ಸ್ಟಿಯರಿಂಗ್ ಬಿಟ್ಟ ಕೈಗೆ ಏನಾದರೂ ಬೇಕಲ್ಲ, ಕ್ಯಾಮೆರಾ ಹಿಡಿದಿದ್ದ. ಕೆಟಲ್ ಬೆಂಡ್ ಊರಿನ ಸುತ್ತ ಕಾಡೋ ಕಾಡು. ಕೆರೆಯ ಮೇಲಿನ ಹಿಮದ ಹಾಸು ಬಿರುಕು ಬಿಟ್ಟ ದಿನದಿಂದ ಅವನು ಮನೆಯಲ್ಲಿ ನಿಲ್ಲುತ್ತಿರಲಿಲ್ಲ. ಚಿಗುರಿದ ಬರ್ಚ್ ಮರ, ದೋಣಿಗೆ ಬಣ್ಣ ಬಳಿಯುವವರು, ಅಂಚೆ ಕಚೇರಿಯ ಮುಂದೆ ಬಿಸಿಲಿಗೆ ಮುಖವೊಡ್ಡಿ ಕೂತ ಮುದುಕರು, ಕಂಡದ್ದನ್ನೆಲ್ಲ ತೆಗೆದ. ತೋರಿಸಿದರೆ ಜನ "ಹ್ಞೂಂ, ಚೆನ್ನಾಗಿದೆ" ಎನ್ನುತ್ತಿದ್ದರು, ಹಲ್ಲಿನ ಡಾಕ್ಟರ ಮುಂದೆ ಬಾಯಿ ತೆರೆದವರ ದನಿಯಲ್ಲಿ.

ಹಾಗಾಗಿ ಡೋರೀನಳ ಮಾತು ಅವನಿಗೆ ಅಶರೀರವಾಣಿಯ ಹಾಗೆ ಕೇಳಿಸಿತು. ಮನೆಗೆ ಓಡಿದ. ಹೆಂಡತಿ ಆರ್ಲಿಸ್ ಬೆಳಿಗ್ಗೆಯೇ ಪಕ್ಕದೂರಿನ ತಂಗಿ ಮನೆಗೆ ಹೋಗಿದ್ದಳು. ಅಟ್ಟದಿಂದ ಒಂದು ಹಳೇ ಚೌಕಟ್ಟು ಇಳಿಸಿ, ಹಿಂದಿನ ದಿನ ತೆಗೆದ ಫೋಟೋ ಅದರೊಳಗೆ ಕೂರಿಸಿ ತಂದ. ಮೊಣಕೈ ಊರಿ ಮಲಗಿದವನಂತೆ ಬಿದ್ದಿರುವ ಒಂದು ಒಣ ಎಲ್ಮ್ ಮರ, ಅದರ ಹಿಂದೆ ಹಾಸಿದಂತೆ ಅರಳಿದ ಬಿಳಿ ಟ್ರಿಲಿಯಂ ಹೂಗಳು, ಅವುಗಳ ಮೇಲೆ ಕೋಲು ಕೋಲಾಗಿ ಇಳಿದ ಬೆಳಗಿನ ಬೆಳಕು. ಮರಕುಟಿಗವೊಂದರ ಬೆನ್ನು ಹತ್ತಿ ದಾರಿ ತಪ್ಪಿದಾಗ ಸಿಕ್ಕಿದ ಜಾಗ ಅದು. ಆ ಬೆಳಕು ನೋಡಿ ಅವನ ಕಣ್ಣಲ್ಲಿ ನೀರು ಬಂದಿತ್ತು.

ಡೋರೀನ್ ಅದನ್ನು ತೂಗುಹಾಕಿ, "ಗುರುತು ಪೂರ್ತಿ ಮುಚ್ಚಿತು," ಎಂದಳು. ಆಮೇಲೆ ಒಂದು ಹೆಜ್ಜೆ ಮುಂದೆ ಬಂದಳು. ಇನ್ನೊಂದು ಹೆಜ್ಜೆ ಬಂದಳು. ಕನ್ನಡಕ ಹಾಕಿಕೊಂಡಳು. "ವರ್ಲಿನ್, ನಿನಗೆ ಇನ್ನೊಂದು ಕಾಫಿ ಕೊಡ್ಲಾ? ಸೇಬಿನ ಪೈ ತಿಂತೀಯಾ?"

ಯಾರೂ ಕೇಳದೆ ಡೋರೀನ್ ತಾನಾಗಿ ಪೈ ಕೊಟ್ಟ ದಾಖಲೆ ಊರಲ್ಲಿರಲಿಲ್ಲ.

ಅಷ್ಟರಲ್ಲಿ ವರ್ಲಿನ್ನನ ಪಕ್ಕದ ಮನೆಯ ಐವರ್ ಸ್ಕೌಗ್ ಬಂದ. ಅವನದು ಮೊಳೆ, ಬಣ್ಣ, ಗುದ್ದಲಿ ಮಾರುವ ಅಂಗಡಿ. ವರ್ಲಿನ್ನನ ಫೋಟೋ ಕಂಡರೆ ಆಕಳಿಸುವುದು ಅವನ ಅಭ್ಯಾಸ. ಇವತ್ತು ಆಕಳಿಸಲು ಬಾಯಿ ತೆರೆದವನು ಹಾಗೇ ನಿಂತ. ಮೂಗು ಗಾಜಿಗೆ ತಾಗುವಷ್ಟು ಹತ್ತಿರ ಹೋದ.

"ಆ ಬೆಳಕು ನೋಡಿದ್ಯಾ?" ಎಂದ ವರ್ಲಿನ್.

"ಬೆಳಕು ಬಿಡೋ. ಇದು ಎಲ್ಲಿ?"

"ಹಳೇ ರೈಲು ದಾರಿ ದಾಟಿ ಆಚೆ. ಯಾಕೆ?"

"ಸುಮ್ನೆ. ಕಲೆ ಅಂದ್ರೆ ನನಗೂ ಆಸಕ್ತಿ ಇದೆಯಪ್ಪ," ಎಂದ ಐವರ್.

ಸ್ವಲ್ಪ ಹೊತ್ತಿಗೆ ಪಾಸ್ಟರ್ ಲಿಂಡಾಲ್ ಬಂದರು. ಫೋಟೋದ ಮುಂದೆ ನಿಂತು, ಚರ್ಚಿನಲ್ಲೂ ಕಾಣದಂಥ ಭಕ್ತಿಯಿಂದ ಕೈ ಜೋಡಿಸಿದರು. "ದೇವರ ಸೃಷ್ಟಿ ಎಂಥದ್ದು ನೋಡಿ, ವರ್ಲಿನ್. ಈ ಸೃಷ್ಟಿ ನಿಖರವಾಗಿ ಎಲ್ಲಿ ಬರುತ್ತೆ?"

ಮಧ್ಯಾಹ್ನಕ್ಕೆ ಹೋಟೆಲು ತುಂಬಿತು. ಎಲ್ಲರೂ ಗೋಡೆಯ ಕಡೆ ಮುಖ ಮಾಡಿ ಸೂಪು ಕುಡಿದರು. ವರ್ಲಿನ್ನನ ಎದೆ ಹಿಟ್ಟು ಹುದುಗಿದಂತೆ ಉಬ್ಬಿತು. ಯಾರೂ ಬೆಳಕಿನ ವಿಷಯ ಎತ್ತಲಿಲ್ಲ, ನಿಜ. ಆದರೆ ಬಾಯಿ ಬಿಟ್ಟು ಹೇಳುವ ಜನವೇ ಅಲ್ಲ ಇವರು ಎಂದು ತಾನೇ ಸಮಾಧಾನ ಹೇಳಿಕೊಂಡ. ಡೋರೀನ್ ತಟ್ಟೆಯ ಕೆಳಗೆ ಹಾಸುವ ಕಾಗದ ಮುಂದಿಟ್ಟು, "ಇದರ ಮೇಲೆ ದಾರಿ ಬರೆದುಕೊಡು," ಎಂದಾಗ ಅವನಿಗೆ ತಡೆಯಲಾಗಲಿಲ್ಲ.

"ಬರೆಯೋದ್ಯಾಕೆ? ನಾನೇ ಎಲ್ಲರನ್ನೂ ಕರ್ಕೊಂಡು ಹೋಗ್ತೀನಿ. ಫೋಟೋ ತೆಗೆಯೋದು ಹೇಗೆ ಅಂತ ಅಲ್ಲೇ ಹೇಳಿಕೊಡ್ತೀನಿ."

ಸೂಪು ಅರ್ಧಕ್ಕೇ ಬಿಟ್ಟು ಜನ ಎದ್ದರು.

ಕಾಡಿನ ಅಂಚಿಗೆ ಟ್ರಕ್ಕುಗಳು ಸಾಲಾಗಿ ಬಂದು ನಿಂತವು. ಕ್ಯಾಮೆರಾ ತಂದವರು ಒಬ್ಬರೂ ಇರಲಿಲ್ಲ. ಬುಟ್ಟಿ, ಬಕೆಟ್ಟು, ಈರುಳ್ಳಿಯ ಬಲೆಚೀಲ ಮಾತ್ರ ಎಲ್ಲರ ಕೈಯಲ್ಲೂ ಇದ್ದವು.

"ಇದೇನು ಐವರ್, ಚೀಲ?"

"ಲೆನ್ಸ್ ಇಡೋಕೆ."

"ಲೆನ್ಸ್ ಎಲ್ಲಿ?"

"ಕೊಂಡ್ಕೋಬೇಕು ಇನ್ನ."

ಮರದ ಬಳಿ ತಲುಪಿದ ಕೂಡಲೇ ವರ್ಲಿನ್ ಎಲ್ಲರಿಗೂ ಬೆನ್ನು ಹಾಕಿ, ಕೈ ಮೇಲೆತ್ತಿ ಪಾಠ ಶುರು ಮಾಡಿದ. "ಮೊದಲನೇ ಮಾತು. ಹೂವನ್ನ ನಿಂತು ನೋಡಬಾರದು. ಅದರ ಎತ್ತರಕ್ಕೇ ಇಳಿದು ನೋಡಬೇಕು."

ಹಿಂದೆ ಧಪಧಪ ಸದ್ದಾಯಿತು. ತಿರುಗಿ ನೋಡಿದರೆ ಇಡೀ ಊರು ಮೊಣಕಾಲೂರಿ ನೆಲದ ಮೇಲಿತ್ತು, ಪಾಸ್ಟರೂ ಸೇರಿ. ಅಷ್ಟು ವರ್ಷ ಬಸ್ಸಿನಲ್ಲಿ ಯಾವ ಮಗುವೂ ಅವನ ಮಾತನ್ನು ಅಷ್ಟು ಬೇಗ ಕೇಳಿರಲಿಲ್ಲ. ಈ ದೃಶ್ಯವನ್ನೇ ಒಂದು ಫೋಟೋ ತೆಗೆಯೋಣವೆಂದು ಎಲ್ಲರೂ ಅದರಲ್ಲಿ ಹಿಡಿಸುವಂತೆ ಹಿಂದೆ ಹಿಂದೆ ಸರಿದ. ಎಲೆ ಮುಚ್ಚಿದ್ದ ಹಿಮನೀರಿನ ಗುಂಡಿಗೆ ತೊಡೆಯವರೆಗೆ ಇಳಿದುಹೋದ.

"ಪಾಸ್ಟರೇ, ಸ್ವಲ್ಪ ಕೈ ಕೊಡಿ."

ಪಾಸ್ಟರ್ ತೆವಳುತ್ತ ಬಂದರು. "ಅಲ್ಲಾಡಬೇಡಿ ವರ್ಲಿನ್. ನಿಮ್ಮ ಪಕ್ಕದಲ್ಲೇ ಒಂದಿದೆ," ಎಂದು ಗುಂಡಿಯ ಅಂಚಿನಿಂದ ಏನನ್ನೋ ಕಿತ್ತುಕೊಂಡು ಹೋದರು.

ಅದು ಮೊರೆಲ್ ಅಣಬೆ, ಜೇನುಗೂಡಿನ ಟೋಪಿ ಹಾಕಿಕೊಂಡಂಥದ್ದು. ಬೆಣ್ಣೆಯಲ್ಲಿ ಹುರಿದರೆ ಸತ್ತವನೂ ಎದ್ದು ತಟ್ಟೆ ಹಿಡಿದಾನು. ಕೆಟಲ್ ಬೆಂಡಿನಲ್ಲಿ ಜನ ಮನೆಯ ಜಗಳವನ್ನು ಬೀದಿಯಲ್ಲಿ ಹೇಳಿಯಾರು, ಮೊರೆಲ್ ಏಳುವ ಜಾಗವನ್ನು ಕಟ್ಟಿಕೊಂಡವರಿಗೂ ಹೇಳುವುದಿಲ್ಲ. ವರ್ಲಿನ್ ತೋಯ್ದ ಪ್ಯಾಂಟಿನಲ್ಲಿ ತಾನೇ ಮೇಲೆ ಹತ್ತಿ, ಕ್ಯಾಮೆರಾದಲ್ಲಿ ಹಿಂದಿನ ದಿನದ ಫೋಟೋ ತೆರೆದು ದೊಡ್ಡದು ಮಾಡಿ ನೋಡಿದ. ಎಡಗಡೆ ಕೆಳಮೂಲೆಯಲ್ಲಿ, ನೆರಳಿನಲ್ಲಿ, ಶಾಲೆ ಬಿಟ್ಟ ಮಕ್ಕಳ ಹಾಗೆ ಗುಂಪುಗುಂಪಾಗಿ ನಿಂತಿದ್ದವು ಅಣಬೆಗಳು.

"ಹಾಗಾದ್ರೆ ಬೆಳಕು?" ಎಂದ ಮೆಲ್ಲಗೆ.

"ಬೆಳಕೂ ಚೆನ್ನಾಗಿದೆ. ಕತ್ತಲಾಗೋದ್ರೊಳಗೆ ಮುಗಿಸಬಹುದು," ಎಂದ ಐವರ್, ತಲೆ ಎತ್ತದೆ.

ಮುಗಿಸಿದರು. ಸಂಜೆ ಅವರು ಹೋದ ಮೇಲೆ ಆ ಜಾಗ ನರ್ತನ ಮುಗಿದ ಅಂಗಳದಂತಿತ್ತು. ಟ್ರಿಲಿಯಂ ಹೂಗಳು ಮಂಡಿಗಳಡಿ ನಜ್ಜುಗುಜ್ಜಾಗಿದ್ದವು. ವರ್ಲಿನ್ ಎರಡು ಹೂವನ್ನು ನೆಟ್ಟಗೆ ನಿಲ್ಲಿಸಲು ನೋಡಿದ. ಅವು ಮತ್ತೆ ಮಲಗಿದವು. ಕೆರೆಯ ದಂಡೆಯ ಮೇಲೆ ಬಹಳ ಹೊತ್ತು ಕೂತು, ಪ್ಯಾಂಟು ಅರ್ಧ ಒಣಗಿದ ಮೇಲೆ ಮನೆಗೆ ಹೋದ.

ಮನೆಯ ಮೆಟ್ಟಿಲ ಮೇಲೆ ಆರ್ಲಿಸ್ ಕೂತಿದ್ದಳು. ಪಕ್ಕದಲ್ಲಿ ಒಂದು ಖಾಲಿ ಬುಟ್ಟಿ ಇತ್ತು. ಕಣ್ಣು ಕೆಂಪಾಗಿದ್ದವು.

"ತಂಗಿ ಹುಷಾರಾಗಿದಾಳಾ?" ಎಂದ ವರ್ಲಿನ್ ಗಾಬರಿಯಿಂದ.

"ಅವಳಿಗೇನಾಗಿದೆ. ಬರ್ತಾ ದಾರಿಯಲ್ಲಿ ಅಮ್ಮನ ಮೊರೆಲ್ ಜಾಗಕ್ಕೆ ಹೋಗಿದ್ದೆ. ಸಾಯುವಾಗ ಅಮ್ಮ ಅದನ್ನ ನನಗೊಬ್ಬಳಿಗೇ ಹೇಳಿಹೋಗಿದ್ದಳು. ನಿನಗೂ ನಾನು ಹೇಳಿರಲಿಲ್ಲ. ಯಾರೋ ದನ ನುಗ್ಗಿಸಿದ ಹಾಗೆ ತುಳಿದು, ಒಂದೂ ಬಿಡದೆ ಬಳಿದುಕೊಂಡು ಹೋಗಿದಾರೆ." ಅವಳು ಮೂಗು ಒರೆಸಿಕೊಂಡಳು. "ಯಾರು ಅಂತ ಗೊತ್ತಾಗಲಿ ಸಾಕು."

ವರ್ಲಿನ್ನನ ಒದ್ದೆ ಪ್ಯಾಂಟು ಮತ್ತೆ ತಣ್ಣಗಾಯಿತು. ಹೇಳಿಬಿಡಬೇಕು ಎಂದುಕೊಂಡ. ಮೊದಲ ಮಾತು ಯಾವುದಾಗಬೇಕೆಂದು ಹುಡುಕುತ್ತಿರುವಾಗಲೇ ಐವರನ ಟ್ರಕ್ಕು ಬಂದು ಗೇಟಿನಲ್ಲಿ ನಿಂತಿತು.

"ಆರ್ಲಿಸ್, ನಿನ್ನ ಗಂಡ ಊರಿಗೇ ಉಪಕಾರ ಮಾಡಿದ ಕಣಮ್ಮ," ಎನ್ನುತ್ತ ಐವರ್ ಇಳಿದ. ಒಂದು ಕೈಯಲ್ಲಿ ಪುಟ್ಟ ಪೊಟ್ಟಣ, ಇನ್ನೊಂದರಲ್ಲಿ ಚೌಕಟ್ಟು ಹಾಕಿದ ಫೋಟೋ. "ಇದು ಅವನ ಪಾಲು. ಫೋಟೋನ ಡೋರೀನ್ ವಾಪಸ್ ಕಳಿಸಿದಾಳೆ, ಗಡಿಯಾರ ರಿಪೇರಿಯಾಗಿ ಬಂತಂತೆ."

ಅವನು ಹೋದ. ಆರ್ಲಿಸ್ ಪೊಟ್ಟಣ ಬಿಚ್ಚಿ ನೋಡಿದಳು. ಆಮೇಲೆ ಫೋಟೋವನ್ನು ಮಂಡಿಯ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದಳು. ವರ್ಲಿನ್ ತನ್ನ ಬೂಟು ನೋಡಿದ.

"ಬೆಳಕು ತುಂಬಾ ಚೆನ್ನಾಗಿ ಬಂದಿದೆ," ಎಂದಳು ಆರ್ಲಿಸ್.

ಬೆಳಗಿನಿಂದ ಅವನು ಕಾದಿದ್ದ ಮಾತು ಅದು. ವರ್ಲಿನ್ ತಲೆ ಎತ್ತುವಷ್ಟರಲ್ಲಿ ಅವಳು ಒಳಗೆ ಹೋಗಿ ಸುತ್ತಿಗೆ ಹಿಡಿದು ಬಂದಳು. ಅವನು ಎರಡು ಹೆಜ್ಜೆ ಹಿಂದೆ ಸರಿದ.

ಅವಳು ಅವನ ಕಡೆ ನೋಡಲೂ ಇಲ್ಲ. ಅಡುಗೆಮನೆಗೆ ಹೋಗಿ, ಅವನು ಊಟಕ್ಕೆ ಕೂರುವ ಕುರ್ಚಿಗೆ ಎದುರಾಗಿ ಮೊಳೆ ಹೊಡೆದು, ಫೋಟೋ ತೂಗುಹಾಕಿದಳು. ಆಮೇಲೆ ಬಾಣಲೆಗೆ ಬೆಣ್ಣೆ ಹಾಕಿ, ಪೊಟ್ಟಣದಲ್ಲಿದ್ದ ಅಣಬೆಯನ್ನೆಲ್ಲ ಘಮಘಮ ಹುರಿದು, ಒಂದೇ ಒಂದು ತಟ್ಟೆ ತಂದು ಮೇಜಿನ ಮೇಲಿಟ್ಟು, ತಾನೇ ತಿನ್ನಲು ಕೂತಳು.

"ನೀನು ಫೋಟೋ ನೋಡು," ಎಂದಳು.